ಹುಲ್ಲುಮನೆ ತಿರುವು

ಓಬರ್‌ಲಾಹ್ನ್, ಟಿರೋಲ್
4 ಅಕ್ಟೋಬರ್ 1993

ಶ್ರೀ ವಿಗಿಲ್ ತ್ಸಾಂಗೆರ್ಲ್ ಅವರಿಗೆ,

ನಮ್ಮೂರಿನ ಸ್ಕೀ ಸಂಘದ ಕಾರ್ಯದರ್ಶಿಯಾಗಿ ಈ ಕಾಗದ ಬರೆಯುತ್ತಿದ್ದೇನೆ. ಫಾಲ್ಕೆನ್‌ರಿಸ್ ಇಳಿಜಾರಿನಲ್ಲಿ ಮೊದಲ ಪಂದ್ಯ ನಡೆದು ಈ ಚಳಿಗಾಲಕ್ಕೆ ಅರವತ್ತು ವರ್ಷ ತುಂಬುತ್ತದೆ. ಮರುವರ್ಷ, 1995ರ ಜನವರಿ 22ರಂದು, ಕೊನೆಯ ಪಂದ್ಯ. ಈಗಿನವರ ವೇಗಕ್ಕೆ ಇಳಿಜಾರು ತೀರಾ ಇಕ್ಕಟ್ಟು ಎಂದು ಪರಿಶೀಲಕರು ಹೇಳಿದ್ದಾರೆ. ಅಗಲ ಮಾಡಬೇಕೆಂದರೆ ಊರನ್ನು ಹಿಮಕುಸಿತದಿಂದ ಕಾಯುವ ಕಾಡನ್ನೇ ಕಡಿಯಬೇಕಾಗುತ್ತದೆ. ಹಾಗಾಗಿ ನಿಲ್ಲಿಸುವುದೆಂದು ತೀರ್ಮಾನವಾಗಿದೆ.

ಅಷ್ಟರೊಳಗೆ ಇಳಿಜಾರಿನ ಚರಿತ್ರೆಯನ್ನು ಪುಸ್ತಕವಾಗಿ ತರಬೇಕೆಂದಿದ್ದೇವೆ. 1934ರ ಮೊದಲ ಪಂದ್ಯದಲ್ಲಿ ಮೂರನೆಯವರಾಗಿ ಬಂದ, ನಲವತ್ತು ವರ್ಷಗಳಿಂದ ಸಂಘದ ಅಧ್ಯಕ್ಷರಾಗಿರುವ ಸೆವೆರಿನ್ ತ್ಸಾಂಗೆರ್ಲ್ ಅವರಿಗೆ ಪುಸ್ತಕವನ್ನು ಅರ್ಪಿಸಲಾಗುವುದು. 1957ರಿಂದ ತಾವು ಪಂದ್ಯಕ್ಕೆ ಇಳಿಜಾರಿನ ಹಿಮ ತುಳಿದು ಗಟ್ಟಿ ಮಾಡುವ ತಂಡದಲ್ಲಿದ್ದಿರಿ. ಆ ಕಾಲದ ದಾಖಲೆಗಳು ನೆಲಮಾಳಿಗೆಗೆ ನೀರು ನುಗ್ಗಿ ಹಾಳಾಗಿವೆ. ನೆನಪಿರುವುದನ್ನು ಬರೆದು ಕಳುಹಿಸಿದರೆ ಉಪಕಾರವಾಗುತ್ತದೆ.

1968ರ ಬಗ್ಗೆ ಬರೆಯುವ ಅಗತ್ಯವಿಲ್ಲ. ಅದು ನಮಗೆ ಗೊತ್ತಿದೆ.

ನೊಟ್‌ಬುರ್ಗಾ ತ್ಸಾಂಗೆರ್ಲ್
ಕಾರ್ಯದರ್ಶಿ

ತಾ.ಕ.: ತಮ್ಮ ವಿಳಾಸ ಪಾದ್ರಿಗಳ ಹತ್ತಿರ ಸಿಕ್ಕಿತು. ಅಪ್ಪ ಕ್ಷೇಮ. ಎಂಬತ್ತಮೂರು.


ಚಿಯಾನ್, ಚಿಲಿ
30 ಅಕ್ಟೋಬರ್ 1993

ಬುರ್ಗಿ,

ಇಪ್ಪತ್ತೈದು ವರ್ಷಕ್ಕೆ ಒಂದು ಕಾಗದ, ಅದೂ ಒಡಹುಟ್ಟಿದವನಿಗೆ 'ತಾವು' ಅಂತ. ಆಗಲಿ. ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿದಾಗ ಅಪ್ಪ ಹೋಗಿಬಿಟ್ಟರು ಅಂದುಕೊಂಡೆ. ಇಲ್ಲಿ ಸ್ಕೀ ಆಡುವವರನ್ನು ಬೆಟ್ಟ ಹತ್ತಿಸುವ ಲಿಫ್ಟ್‌ಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಗ್ರೀಸು ಮೆತ್ತಿದ ಕೈಯಲ್ಲೇ ಒಡೆದು ಮೊದಲು ಕೊನೆಯ ಸಾಲು ಓದಿದೆ, ಆಮೇಲೆ ಮೇಲಿನಿಂದ ಓದಿದೆ.

ಬರೆದುಕೋ. 1957ರಲ್ಲಿ ನನಗೆ ಹದಿನಾರು. ನಲವತ್ತು ಜನ ಸ್ಕೀ ಕಟ್ಟಿಕೊಂಡು, ಮೇಲಿನ ಬಂಡೆಯಿಂದ ಕೆಳಗಿನ ಚರ್ಚಿನವರೆಗೆ ಅಡ್ಡಡ್ಡ ಹೆಜ್ಜೆ ಹಾಕುತ್ತ ಮೂರು ದಿನ ಹಿಮ ತುಳಿದೆವು. ಪಕ್ಕದಲ್ಲಿ ಪೀರ್ಮಿನ್ ಮಾಮ. "ಏಯ್ ಅಧ್ಯಕ್ಷರ ಮಗನೇ, ಹಿಮಾನ ತುಳೀಬೇಕು ಕಣೋ, ಮುದ್ದು ಮಾಡೋದಲ್ಲ!" ಅಂತ ಇಡೀ ದಿನ ರೇಗಿಸಿದ. ಗೆದ್ದವನು ಒಬ್ಬ ಸ್ವಿಸ್, ಮೂರು ನಿಮಿಷ ಇಪ್ಪತ್ತೊಂದು ಸೆಕೆಂಡು. ತನ್ನೂರಲ್ಲಿ ಗಡಿಯಾರ ರಿಪೇರಿ ಮಾಡುವವನಂತೆ. ಬಹುಮಾನ ಕೈಗೆ ಕೊಟ್ಟ ಮೇಲೂ ನಮ್ಮ ಸ್ಟಾಪ್‌ವಾಚ್ ನಿಧಾನ ಎಂದು ಜಗಳ ತೆಗೆದ.

'ಪಾದ್ರಿ ಜಿಗಿತ'ಕ್ಕೆ ಆ ಹೆಸರು ಬಂದದ್ದನ್ನು ಮರೆಯದೆ ಹಾಕು. ಅಪ್ಪ ಹೇಳುತ್ತಿದ್ದದ್ದು. 1934ರಲ್ಲಿ ಲಿಫ್ಟ್ ಎಲ್ಲಿತ್ತು? ಮೂರು ಗಂಟೆ ಬೆಟ್ಟ ಹತ್ತಿ, ಎಲ್ಲರೂ ಒಟ್ಟಿಗೆ ಹೊರಟರು. ಕಿರಿಯ ಪಾದ್ರಿ ನಿಲುವಂಗಿಯಲ್ಲೇ ಓಡಿದ. ಉಬ್ಬಿನ ಮೇಲೆ ಹಾರಿದಾಗ ನಿಲುವಂಗಿ ತಲೆಗೆ ಮುಸುಕು ಹಾಕಿಕೊಂಡಿತು. ಕಣ್ಣೇ ಕಾಣದೆ ಕೆಳಗಿನವರೆಗೂ ಇಳಿದು ಐದನೆಯವನಾದ. "ಐದನೇ ಸ್ಥಾನ ನನ್ನದಲ್ಲ, ದೇವರದು" ಅಂದನಂತೆ.

1961ರಲ್ಲಿ ಮೊದಲ ಲೋಹದ ಸ್ಕೀ ಬಂತು. ನಮ್ಮೂರಿನವರು ನಕ್ಕರು. ನಕ್ಕವರಿಗೆಲ್ಲ ಆ ವರ್ಷ ಇಪ್ಪತ್ತರ ಆಚೆಯ ಸ್ಥಾನ. 1963ರಲ್ಲಿ ಮಳೆ ಬಂದು ಮರುದಿನ ಹೆಪ್ಪುಗಟ್ಟಿ ಇಳಿಜಾರು ಕನ್ನಡಿಯಾಯಿತು. ಐವತ್ತೆರಡು ಜನ ಹೊರಟು ಹತ್ತೊಂಬತ್ತು ಜನ ಕೆಳಗೆ ಬಂದರು.

ಕಾಸಿಯಾನ್ ಓಡಿದ ವರ್ಷಗಳೂ ಇವೆ. ನೀನು ಬೇಕೆಂದರೆ ಮಾತ್ರ ಬರೆಯುತ್ತೇನೆ.

ವಿಗಿಲ್


ಓಬರ್‌ಲಾಹ್ನ್
8 ಡಿಸೆಂಬರ್ 1993

ವಿಗಿಲ್,

'ತಾವು' ಬಿಟ್ಟಿದ್ದೇನೆ. ಪಾದ್ರಿಯ ಕತೆ ಓದಿ ನಗು ಬಂತು, ನಿನ್ನ ಮೇಲೆ ಸಿಟ್ಟಿದ್ದರೂ ಬಂತು.

ಅಪ್ಪನಿಗೆ ಓದಿ ಹೇಳಿದೆ. "ಅವನಿಗೆ ಎಲ್ಲಾ ನೆನಪಿದೆ" ಅಂದು ಕಿಟಕಿಯ ಕಡೆ ತಿರುಗಿ ಕುಳಿತರು. ತಟ್ಟೆಯಲ್ಲಿದ್ದ ಕ್ನ್ಯೋಡೆಲ್ ಕಡುಬು ಮುಟ್ಟಲಿಲ್ಲ. ನೀನು ಅವರ ಎದೆಗೆ ಎಂಥ ನೋವು ಕೊಟ್ಟು ಹೋಗಿದ್ದೀ ಎಂದು ನಿನಗೆ ಗೊತ್ತಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಯುದ್ಧದ ನಂತರದ ಪುಟಗಳನ್ನು ಮುಗಿಸಿದೆ. 1938ರಲ್ಲಿ ಓಡಿದ ನಮ್ಮೂರಿನ ಹದಿನೇಳು ಜನರಲ್ಲಿ 1946ರ ಪಂದ್ಯಕ್ಕೆ ಉಳಿದಿದ್ದವರು ಆರು. ಅವರಲ್ಲಿ ಒಬ್ಬನಿಗೆ ಒಂದು ಕೈ ಇರಲಿಲ್ಲ, ಒಂದೇ ಕೋಲಿನಲ್ಲಿ ಇಳಿದ. ದಾರಿ ತೋರಿಸುವ ಬಾವುಟಗಳಿಗೆ ಬಟ್ಟೆ ಸಿಗದೆ ಅಮ್ಮ ಕೆಂಪು ಹಾಸಿಗೆ ಹೊದಿಕೆ ಹರಿದು ಕೊಟ್ಟಳಂತೆ. ಹೊಟ್ಟೆಯಲ್ಲಿ ನಾನಿದ್ದೆ.

ಕಾಸಿಯಾನನ ವರ್ಷಗಳು ಬೇಕು. ನನ್ನ ಹತ್ತಿರ ಇರುವುದು ಒಂದು ಫೋಟೋ, ಅದರಲ್ಲಿ ಅವನು ಕಣ್ಣು ಮುಚ್ಚಿದ್ದಾನೆ. ನಾನು ಮದುವೆಯಾಗಲಿಲ್ಲ. ನಿನಗೆ ಯಾರೂ ಹೇಳಿರಲಾರರು.

ಬುರ್ಗಿ


ಚಿಯಾನ್
3 ಜನವರಿ 1994

ಬುರ್ಗಿ,

ಗೊತ್ತಿರಲಿಲ್ಲ. ಪಾದ್ರಿಗಳು ಕ್ರಿಸ್‌ಮಸ್‌ಗೆ ಒಂದು ಕಾರ್ಡ್ ಹಾಕುತ್ತಿದ್ದರು. ಎಲ್ಲರೂ ಸುಖವಾಗಿದ್ದಾರೆ ಎಂದಷ್ಟೇ ಇರುತ್ತಿತ್ತು.

1964ರಲ್ಲಿ ಕಾಸಿಯಾನ್ ಬಿದ್ದ. 65ರಲ್ಲಿ ಏಳನೆಯವನಾದ. 66ರಲ್ಲಿ ಗೆದ್ದ.

ಹುಲ್ಲುಮನೆ ತಿರುವು ನಿನಗೆ ಗೊತ್ತು. ಎಡಕ್ಕೆ ಬಂಡೆ, ಬಲಕ್ಕೆ ಹಳೆಯ ಹುಲ್ಲುಮನೆಯ ಮೂಲೆಗಂಬ, ನಡುವೆ ಒಂದು ಗಾಡಿ ಹೋಗುವಷ್ಟು ಜಾಗ. ಎಲ್ಲರೂ ಬಂಡೆಯ ಕಡೆಯಿಂದ ದೊಡ್ಡ ಸುತ್ತು ಹಾಕುತ್ತಿದ್ದರು. ಆ ತಿರುವಿನ ಉಸ್ತುವಾರಿ ನನ್ನದು, ಬಡಿದವರಿಗೆ ಪೆಟ್ಟಾಗದಂತೆ ಕಂಬಕ್ಕೆ ಹುಲ್ಲಿನ ಕಟ್ಟು ಒಟ್ಟುವುದೂ ಸೇರಿ. ಪಂದ್ಯದ ಹಿಂದಿನ ದಿನ ಅವನು ಬಂದು ಮೂಲೆಗಂಬವನ್ನು ಕೈಯಲ್ಲಿ ತಟ್ಟಿದ.

"ಹೇಗಿದೆಯೋ ತಿರುವು?"

"ಗಾಜು."

"ಹಂಗಾದ್ರೆ ಒಳಗಡೆಯಿಂದ ಹೋಗ್ತೀನಿ."

"ಒಳಗಡೆ ಮನೆ ಇದೆ ಕಣೋ, ಬಡಗಿ. ನೀನೇನು ಗೋಡೆ ಕೊಯ್ದು ಹೋಗ್ತೀಯಾ?"

"ಮನೆ ಮುಂದೆ ನಿನ್ನ ಹುಲ್ಲಿದೆಯಲ್ಲ. ನಂಗಷ್ಟು ಸಾಕು."

ಒಳಗಿನಿಂದಲೇ ಹೋದ. ಭುಜ ಹುಲ್ಲಿನ ಕಟ್ಟುಗಳನ್ನು ಸವರಿಕೊಂಡೇ ಹೋಯಿತು. ಎರಡು ನಿಮಿಷ ಮೂವತ್ತೊಂದು ಪಾಯಿಂಟ್ ನಾಲ್ಕು. ಅವನಿಗಿಂತ ಮುಂಚೆ ಎರಡು ನಿಮಿಷ ಮೂವತ್ತೈದರ ಒಳಗೆ ಯಾರೂ ಬಂದಿರಲಿಲ್ಲ. ನಾನು ಕೆಳಗೆ ಬರುವಷ್ಟರಲ್ಲಿ ನೀನು ಅವನ ಅಂಗಿಯಿಂದ ಹುಲ್ಲು ಆರಿಸುತ್ತಿದ್ದೆ. "ನಿಮ್ಮಣ್ಣ ನನ್ನನ್ನ ದನ ಅಂದ್ಕೊಂಡಿದ್ದಾನೆ" ಅನ್ನುತ್ತಿದ್ದ. ನಿಮ್ಮಿಬ್ಬರದು ನನಗೆ ಗೊತ್ತಾದದ್ದು ಆವತ್ತೇ.

67ರಲ್ಲಿ ಬಿಸಿಗಾಳಿ ಬೀಸಿ ಹಿಮ ಕರಗಿತು, ಪಂದ್ಯ ರದ್ದು. ಇಷ್ಟು ಸಾಕು.

ವಿಗಿಲ್


ಓಬರ್‌ಲಾಹ್ನ್
28 ಜನವರಿ 1994

ಅಣ್ಣ,

ಇವತ್ತಿಗೆ ಇಪ್ಪತ್ತಾರು ವರ್ಷ. ಬೆಳಗ್ಗೆ ಕಾಸಿಯಾನನ ಸಮಾಧಿಗೆ ಹೋಗಿ ಬಂದೆ. ಬರುತ್ತ ಒಂದು ನಿರ್ಧಾರ ಮಾಡಿದೆ, ಅದನ್ನು ಬರೆಯುತ್ತೇನೆ.

ಆ ದಿನ ನಾನು ಮುಕ್ತಾಯದ ಗೆರೆಯ ಹತ್ತಿರ ಅತಿಥಿಗಳ ಜೊತೆಗಿದ್ದೆ. ದಾರಿಯಲ್ಲಿ ಹಿಮ ಕುಸಿದು ಬೆಂಚುಗಳ ಲಾರಿ ಬಂದಿರಲಿಲ್ಲ. ಹುಲ್ಲಿನ ಕಟ್ಟುಗಳನ್ನು ಸಾಲಾಗಿ ಇಟ್ಟು ಕಂಬಳಿ ಹಾಸಿ ಕೂರಿಸಿದ್ದರು. ಅಪ್ಪ ನನ್ನನ್ನು ಮುಂದಿನ ಸಾಲಿಗೆ ಕರೆದು, "ಗೆಲ್ಲೋನ ಹೆಂಡತಿ ಆಗೋಳು ಹಿಂದೆ ಕೂತ್ರೆ ಹೇಗೆ?" ಎಂದು ಎಲ್ಲರ ಎದುರು ತಮಾಷೆ ಮಾಡಿದರು. ಬೆಚ್ಚಗಿತ್ತು. ಹದಿನಾಲ್ಕನೆಯವನಾಗಿ ಅವನ ಹೆಸರು ಕೂಗಿದರು. ಅಲ್ಲಿಂದ ತಿರುವು ಕಾಣುವುದಿಲ್ಲ. ಲೌಡ್‌ಸ್ಪೀಕರ್ ಮಾತು ನಿಲ್ಲಿಸಿತು, ಅಷ್ಟೇ ನನಗೆ ಗೊತ್ತಾದದ್ದು.

ಆಮೇಲೆ ವಿಚಾರಣೆ ಆಯಿತು. ತಿರುವಿನ ಉಸ್ತುವಾರಿ ಹೊತ್ತವನ ಅಲಕ್ಷ್ಯ, ಅವನು ಬಡಿದ ಕಂಬಕ್ಕೆ ಸಾಕಷ್ಟು ಹುಲ್ಲು ಇರಿಸಿರಲಿಲ್ಲ ಎಂದು ಬರೆದರು. ನೀನು ಸಹಿ ಹಾಕಿದೆ. ನನ್ನ ಹತ್ತಿರ ಒಂದು ಮಾತೂ ಆಡದೆ ಜೂನ್‌ನಲ್ಲಿ ಹೊರಟುಹೋದೆ. ನಾನು ನಿನ್ನನ್ನು ದ್ವೇಷಿಸಿದೆ, ಅಣ್ಣ. ನಿನ್ನ ತಟ್ಟೆಯನ್ನು ಅಲಮಾರಿಯಿಂದ ತೆಗೆದು ಬಿಸಾಡಿದೆ.

ಈಗ ನನಗೆ ನಲವತ್ತೇಳು. ನಿನಗೂ ಆಗ ಬರೀ ಇಪ್ಪತ್ತಾರು ಇಪ್ಪತ್ತೇಳು. ಯಾರಾದರೂ ಒಂದು ದಿನ ಎಚ್ಚರ ತಪ್ಪಬಹುದು. ನಿನ್ನನ್ನು ಕ್ಷಮಿಸಿದ್ದೇನೆ. ಪುಸ್ತಕದಲ್ಲೂ ಹಾಗೆಯೇ ಬರೆಯುತ್ತೇನೆ. ಕೊನೆಯ ಪಂದ್ಯಕ್ಕೆ ಬಾ. ಅಪ್ಪನೂ ಬೇಡ ಅನ್ನಲಾರರು.

ನಿನ್ನ ತಂಗಿ
ಬುರ್ಗಿ


ಚಿಯಾನ್
15 ಮಾರ್ಚ್ 1994

ಬುರ್ಗಿ,

ಕಾಗದ ತಲುಪಿತು. ಕ್ಷಮಿಸಿದ್ದಕ್ಕೆ ಕೃತಜ್ಞ.

ಜನವರಿಯಲ್ಲಿ ಇಲ್ಲಿ ಬೇಸಿಗೆ, ಲಿಫ್ಟ್‌ಗಳಿಗೆ ರಜೆ. ಬರುತ್ತೇನೆ. ಎಲ್ವಿರಾ, ನನ್ನ ಹೆಂಡತಿ, ನಿನ್ನ ಕಾಗದ ಪೂರ್ತಿ ಓದಿಸಿ ಕೇಳಿಸಿಕೊಂಡು ಎದ್ದು ಹೊರಗೆ ಹೋದಳು. ಅವಳಿಗೆ ನಮ್ಮೂರ ಚಳಿ ಆಗಿಬರುವುದಿಲ್ಲ. ಒಬ್ಬನೇ ಬರುತ್ತೇನೆ.

ಪುಸ್ತಕದಲ್ಲಿ 1968ಕ್ಕೆ ಒಂದೇ ಸಾಲು ಸಾಕು. ಪಂದ್ಯ ಮಧ್ಯದಲ್ಲಿ ನಿಂತಿತು ಅಂತ.

ವಿಗಿಲ್


ಓಬರ್‌ಲಾಹ್ನ್
19 ಸೆಪ್ಟೆಂಬರ್ 1994

ಅಣ್ಣ,

ಆರು ತಿಂಗಳು ಬರೆಯದಿದ್ದದ್ದು ಪುಸ್ತಕದ ಕೆಲಸದಿಂದ. ಈಗ ಬರೆಯುತ್ತಿರುವುದಕ್ಕೆ ಕಾರಣ ಬೇರೆ.

ಗುರುವಾರ ಪೀರ್ಮಿನ್ ಮಾಮನ ಮನೆಗೆ ಹೋಗಿದ್ದೆ. ನಿಮ್ಮ ತಂಡದಲ್ಲಿ ಈಗ ಉಳಿದಿರುವವರು ಅವರೊಬ್ಬರೇ. ತಪ್ಪೇನಾದರೂ ಇದೆಯೇ ಎಂದು 1968ರ ಪುಟ ಓದಿದೆ. 'ತಿರುವಿನ ಉಸ್ತುವಾರಿಯ ಅಲಕ್ಷ್ಯವನ್ನು ಮೃತನ ಮನೆಯವರೂ ಊರಿನವರೂ ಇಂದು ಕ್ಷಮಿಸಿದ್ದಾರೆ' ಅನ್ನುವಲ್ಲಿಗೆ ಬಂದಾಗ ಕೈಯಿಂದ ಹಾಳೆ ಕಿತ್ತುಕೊಂಡರು.

"ಕ್ಷಮಿಸ್ತಾಳಂತೆ! ಯಾರನ್ನೇ ನೀನು ಕ್ಷಮಿಸೋದು?"

"ಯಾಕೆ ಮಾಮ, ಏನಾಯ್ತು?"

"ಕಂಬಕ್ಕೆ ಇಟ್ಟಿದ್ದು ಇಪ್ಪತ್ತು ಕಟ್ಟು. ನಾನೂ ನಿಮ್ಮಣ್ಣಾನೂ ಇಟ್ಟಿದ್ದು. ಬೆಳಗ್ಗೆ ಹನ್ನೆರಡು ತೆಗೆದ್ವಿ. ನಾವಿಬ್ರೇ ಜಾರುಬಂಡೀಲಿ ಎಳ್ಕೊಂಡು ಬಂದಿದ್ದು."

"ಯಾರು ತೆಗೀರಿ ಅಂದ್ರು?"

"ಇನ್ಯಾರು? ನಿಮ್ಮಪ್ಪ. ವಿಗಿಲ್ ಬೇಡ ಅಂದ. 'ಬೆಂಚು ಬಂದಿಲ್ಲ, ದೊಡ್ಡೋರನ್ನ ಹಿಮದ ಮೇಲೆ ಕೂರಿಸ್ಲಾ?' ಅಂದ್ರು. ನಾನು ಹೇಳಬಾರದು ಅಂತ ನಿಮ್ಮಣ್ಣ ಆಣೆ ಹಾಕಿಸ್ಕೊಂಡಿದ್ದ. ಸಾಕಾಯ್ತು ನಂಗೆ."

"ಎಲ್ಲಿಗೆ ತಂದ್ರಿ ಅದನ್ನ?"

ಮಾಮ ಒಲೆಯ ಕಡೆ ನೋಡಿದರು. "ಎಲ್ಲಿಗೆ ಅಂತ ನಿಂಗೇ ಗೊತ್ತಲ್ಲ ಮಗಳೇ."

ಅಣ್ಣ, ನಾನು ಅದರ ಮೇಲೆ ಕುಳಿತಿದ್ದೆ. ಬೆಚ್ಚಗಿತ್ತು ಎಂದು ನಿನಗೇ ಬರೆದಿದ್ದೆ.

ಮನೆಗೆ ಬಂದಾಗ ಅಪ್ಪ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಕೇಳಿದೆ. "ಹೌದು" ಅಂದರು, ಚಾಕು ನಿಲ್ಲಿಸದೆ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

"ಅಪ್ಪಾ!"

"ವಿಚಾರಣೆ ದಿನ ಅವನು ಒಂದ್ಸಲ ನನ್ನ ಕಡೆ ನೋಡಿದ್ರೆ ಹೇಳ್ತಿದ್ದೆ. ನೋಡ್ತಾನೆ ಅಂತ ಕಾದೆ. ನೋಡದೇನೇ ಸಹಿ ಹಾಕ್ಬಿಟ್ಟ."

ನೀನು ಯಾಕೆ ನೋಡಲಿಲ್ಲ? ಇಪ್ಪತ್ತಾರು ವರ್ಷ ನಾನು ನಿನ್ನನ್ನು ದ್ವೇಷಿಸುವಂತೆ ಯಾಕೆ ಮಾಡಿದೆ? ನಾನು ದೊಡ್ಡವಳಂತೆ ಕ್ಷಮಿಸಿದಾಗಲೂ 'ಕೃತಜ್ಞ' ಎಂದು ಬರೆದೆಯಲ್ಲ, ಆ ಕಾಗದವನ್ನು ಓದಿದರೆ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತದೆ.

ಅಕ್ಟೋಬರ್ ಏಳರಂದು ಸಂಘದ ಸಭೆ. ನಿಜವಾದ ಪುಟವನ್ನು ಅಲ್ಲಿ ಓದುತ್ತೇನೆ. ನೀನು ಬರುವ ಮುಂಚೆ ನಿನ್ನ ಹೆಸರು ಶುದ್ಧವಾಗಿರಬೇಕು.

ಬುರ್ಗಿ


ಚಿಯಾನ್
2 ಅಕ್ಟೋಬರ್ 1994

ಬುರ್ಗಿ,

ಓದಬೇಡ. ಈ ಕಾಗದ ಏಳರೊಳಗೆ ತಲುಪಲಿ ಎಂದು ಪೇಟೆಗೆ ಹೋಗಿ ಹಾಕುತ್ತಿದ್ದೇನೆ. ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಅಪ್ಪನೇ ಎತ್ತಿದರು. "ಯಾರು? ಯಾರ್ರೀ ಅದು?" ಅಂದರು. ಇಟ್ಟುಬಿಟ್ಟೆ.

ಪೀರ್ಮಿನ್ ಮಾಮ ಹೇಳಿದ್ದು ನಿಜ, ಆದರೆ ಅಷ್ಟೇ ಅಲ್ಲ. ನಾನು ಒಂದು ಸಲ ಬೇಡ ಅಪ್ಪ ಅಂದೆ. ಅವರು ಗದರಿದ ಮೇಲೆ ಇನ್ನೊಂದು ಸಲ ಅನ್ನಲಿಲ್ಲ. ಉಳಿದ ಎಂಟು ಕಟ್ಟುಗಳನ್ನು ಹರಡಿ ಇಟ್ಟೆ, ನೋಡುವವರಿಗೆ ತುಂಬಿದಂತೆ ಕಾಣಲಿ ಎಂದು. ಮೂಲೆಯಲ್ಲಿ ಒಂದು ಸಾಲು ಮಾತ್ರ ಇತ್ತು. ತಿರುವಿನಿಂದ ಆರಂಭದ ಕಟ್ಟೆಗೆ ಫೋನ್ ತಂತಿ ಇತ್ತು. ಕಾಸಿಯಾನ್ ಆ ಸಲವೂ ಒಳಗಿನಿಂದಲೇ ಬರುತ್ತಾನೆಂದು ನನಗೆ ಗೊತ್ತಿತ್ತು. 'ಹುಲ್ಲು ಕಮ್ಮಿ ಇದೆ, ಹೊರಗಿಂದ ಬಾ' ಅನ್ನಲು ಅರ್ಧ ನಿಮಿಷ ಸಾಕಿತ್ತು. ಆದರೆ ಆ ತಂತಿಯಲ್ಲಿ ತೀರ್ಪುಗಾರರೂ ಕೇಳಿಸಿಕೊಳ್ಳುತ್ತಿದ್ದರು. ಅಷ್ಟು ದೊಡ್ಡವರ ಮುಂದೆ ಅಪ್ಪನ ಮಾನ ಹೋಗುತ್ತದೆ ಎಂದು ಎತ್ತಲಿಲ್ಲ. ಫೋನ್ ಎತ್ತಲೋ ಬೇಡವೋ ಎಂದು ಯೋಚಿಸುತ್ತ ನಿಂತಿದ್ದಾಗ ಅವನು ಬಂದ.

ಆದ್ದರಿಂದ ಸಹಿ ಹಾಕಿದೆ. ಸುಳ್ಳಿಗೆ ಹಾಕಿದ ಸಹಿಯಲ್ಲ ಅದು. ನಿನ್ನ ಕ್ಷಮೆಯನ್ನೂ ತೆಗೆದುಕೊಂಡೆ, ನನಗೆ ಸಲ್ಲಬೇಕಾದ ಒಂದು ಪಾಲು ಅದರಲ್ಲಿತ್ತು.

ಅಪ್ಪನ ಕಡೆ ಯಾಕೆ ನೋಡಲಿಲ್ಲ ಎಂದು ಕೇಳಿದ್ದೀಯ. ಅವರ ಪಕ್ಕದಲ್ಲಿ ನೀನು ಕುಳಿತಿದ್ದೆ. ನಾನು ಹನ್ನೆರಡು ಕಟ್ಟು ಎಂದು ಬಾಯಿಬಿಟ್ಟಿದ್ದರೆ ಅವು ಎಲ್ಲಿಗೆ ಹೋದವು ಎಂದು ಮರುಗಳಿಗೆಯಲ್ಲಿ ಕೇಳುತ್ತಿದ್ದರು. ನಿನಗೆ ಅದು ಗೊತ್ತಾಗುವುದಕ್ಕಿಂತ ನೀನು ನನ್ನನ್ನು ದ್ವೇಷಿಸುವುದೇ ಮೇಲು ಅನ್ನಿಸಿತು. ನನಗೆ ಬೇರೆ ಏನೂ ಮಾಡಲಾಗಲಿಲ್ಲ ಬುರ್ಗಿ, ಇದೊಂದನ್ನು ಮಾಡಿದೆ. ಅದೂ ಈಗ ಹೋಯಿತು.

ಅಪ್ಪನಿಗೆ ಎಂಬತ್ತನಾಲ್ಕು. ಬಿಡು. ಓದಬೇಡ.

ಅಣ್ಣ


ಓಬರ್‌ಲಾಹ್ನ್
9 ಅಕ್ಟೋಬರ್ 1994

ಅಣ್ಣ,

ಓದಿದೆ.

ಅರವತ್ತು ಜನ ಇದ್ದರು. ನನ್ನ ದನಿ ನಡುಗಲಿಲ್ಲ. ಹನ್ನೆರಡು ಕಟ್ಟು, ಯಾರ ಮಾತಿನಿಂದ, ಎಲ್ಲಿಗೆ, ಮುಂದಿನ ಸಾಲಿನಲ್ಲಿ ಯಾರು ಕುಳಿತಿದ್ದರು, ಎಲ್ಲವನ್ನೂ ಓದಿದೆ. ಕಾಸಿಯಾನನ ತಮ್ಮ ಎದ್ದು ನಿಂತು, ಮತ್ತೆ ಕುಳಿತ.

ಆಮೇಲೆ ಅಪ್ಪ ಎದ್ದರು. ಟೋಪಿ ಕೈಯಲ್ಲಿತ್ತು. "ನನ್ನ ಮಗಳು ಓದಿದ್ದು ನಿಜ" ಅಂದರು. ಅಧ್ಯಕ್ಷರ ಗಂಟೆಯನ್ನು ಮೇಜಿನ ನಡುವಿಗೆ ಸರಿಸಿ ಹೊರಗೆ ನಡೆದರು. ನಾನು ಹಿಂದೆ ಓಡಿದೆ. "ನೀನು ಮೀಟಿಂಗ್ ಮುಗಿಸ್ಕೊಂಡು ಬಾ, ಕಾರ್ಯದರ್ಶಿ ಅಲ್ವಾ" ಅಂದರು. ಸಿಟ್ಟಿನಿಂದಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

ನಿನ್ನ ಹೆಸರು ಈಗ ಶುದ್ಧ. ಜನ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ನಿನ್ನ ಬಗ್ಗೆ ಕೇಳುತ್ತಾರೆ. ಅಪ್ಪನ ಬಗ್ಗೆ ಯಾರೂ ಕೇಳುವುದಿಲ್ಲ. ಅವರು ಬೆಳಗ್ಗೆ ಊಟದ ಡಬ್ಬಿ ಕಟ್ಟಿಕೊಂಡು ಒಬ್ಬರೇ ಇಳಿಜಾರು ಹತ್ತಿ ಹೋಗುತ್ತಾರೆ, ಸಂಜೆ ಬರುತ್ತಾರೆ. ಡಬ್ಬಿ ಹಾಗೇ ಇರುತ್ತದೆ.

ನಾನು ಸರಿ ಮಾಡಿದೆ ತಾನೇ?

ಬುರ್ಗಿ


ಓಬರ್‌ಲಾಹ್ನ್
20 ನವೆಂಬರ್ 1994

ಅಣ್ಣ,

ನಿನ್ನ ಅಕ್ಟೋಬರ್ ಎರಡರ ಕಾಗದ ಹದಿನಾಲ್ಕಕ್ಕೆ ಬಂತು. ಸಭೆ ಮುಗಿದು ವಾರವಾಗಿತ್ತು. ಅಂದಿನಿಂದ ಉತ್ತರ ಬರೆಯಲು ಕೂತು ಕೂತು ಏಳುತ್ತಿದ್ದೇನೆ.

ಅಕ್ಟೋಬರ್ ಇಪ್ಪತ್ತೆಂಟರಂದು ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಪಾದ್ರಿ ಜಿಗಿತದ ಕೆಳಗೆ ಹುಲ್ಲಿನ ಮೇಲೆ ಬಿದ್ದಿದ್ದರು, ಕುರಿಗಳನ್ನು ಇಳಿಸಿಕೊಂಡು ಬರುತ್ತಿದ್ದವರು ನೋಡಿದರು. ಈಗ ಮನೆಯಲ್ಲಿದ್ದಾರೆ. ಬಲಗೈಗೆ ಸ್ವಾಧೀನ ಇಲ್ಲ. ಮಾತು ಸ್ವಲ್ಪ ಬಂದಿದೆ. ಕೆಲವು ದಿನ ನನ್ನನ್ನು ಅಮ್ಮನ ಹೆಸರಿನಿಂದ ಕರೆಯುತ್ತಾರೆ.

ನಾನು ನಿನಗೋಸ್ಕರ ಓದಿದೆ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಆ ಕಂಬಳಿಯ ಮೇಲಿಂದ ಎದ್ದುಬರಲು ನನಗೆ ಯಾರಾದರೂ ಬೇಕಿತ್ತು. ಅಪ್ಪನ ತೋಳು ಹಿಡಿದು ಎದ್ದೆ.

ಟೆಲಿಫೋನ್ ವಿಷಯ ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ. ನಿನ್ನ ಮೇಲೆ ಸಿಟ್ಟು ಬರಬೇಕಿತ್ತು. ಹುಡುಕಿದೆ, ಖರ್ಚಾಗಿಹೋಗಿತ್ತು.

ಬಾ ಅಣ್ಣ. ಪಂದ್ಯಕ್ಕಲ್ಲದಿದ್ದರೂ ಬಾ. ಇನ್ನು ಮೇಲೆ ನಮ್ಮಿಬ್ಬರ ನಡುವೆ ಮುಚ್ಚುಮರೆ ಬೇಡ, ಎಂಥದ್ದೇ ಆಗಲಿ.

ಬುರ್ಗಿ


ಚಿಯಾನ್
6 ಡಿಸೆಂಬರ್ 1994

ಬುರ್ಗಿ,

ಜನವರಿ 20ರ ಮಧ್ಯಾಹ್ನ ರೈಲಿಳಿಯುತ್ತೇನೆ. ನಿಲ್ದಾಣಕ್ಕೆ ಬರಬೇಡ, ದಾರಿ ಗೊತ್ತಿದೆ.

ಸರಿ ಮಾಡಿದೆನಾ ಎಂದು ಕೇಳಿದ್ದೀಯ. ನನಗೆ ತಿಳಿಯದು. ನೀನು ಸತ್ಯವನ್ನೇ ಓದಿದೆ, ಅಷ್ಟು ಹೇಳಬಲ್ಲೆ. ಮುಚ್ಚುಮರೆ ಬೇಡ ಅಂದಿದ್ದೀಯ. ಒಪ್ಪಿದೆ.

ಅಪ್ಪನಿಗೆ ನಾನು ಬರುತ್ತೇನೆಂದು ದಿನಾ ಹೇಳು.

ಅಣ್ಣ


ಓಬರ್‌ಲಾಹ್ನ್
16 ಫೆಬ್ರುವರಿ 1995

ಅಣ್ಣ,

ತಂತಿ ತಲುಪಿರಬೇಕು. ಹತ್ತನೇ ತಾರೀಖು ಬೆಳಗ್ಗೆ, ಕಾಫಿ ಕುಡಿಸುತ್ತಿದ್ದಾಗ ಅಪ್ಪ ಹೋದರು. ಎರಡು ವಾರದ ಹಿಂದೆಯಷ್ಟೇ ನೀನು ಇಲ್ಲಿಂದ ಹೊರಟಿದ್ದೆ, ಮತ್ತೆ ಅಷ್ಟು ದೂರ ಬರುವುದು ಆಗದ ಮಾತು. ಊರಿನವರೆಲ್ಲ ಬಂದರು. ಕಾಸಿಯಾನನ ತಮ್ಮ ಹೆಣಕ್ಕೆ ಹೆಗಲು ಕೊಟ್ಟ. ನಾನು ಕೇಳಿರಲಿಲ್ಲ, ಅವನೇ ಬಂದು ನಿಂತ.

ಪುಸ್ತಕ ಕಳುಹಿಸಿದ್ದೇನೆ. ಕೊನೆಯ ಪಂದ್ಯದ ಪುಟ ಹೀಗಿದೆ: 'ಗೆದ್ದವರ ಸಮಯ ಒಂದು ನಿಮಿಷ ಐವತ್ತೆಂಟು ಪಾಯಿಂಟ್ ಏಳು. ನಮ್ಮೂರಿನ ಹುಡುಗ ಹತ್ತೊಂಬತ್ತನೆಯವ. ಬಿದ್ದವರು ನಾಲ್ವರು. ಯಾರಿಗೂ ಪೆಟ್ಟಾಗಲಿಲ್ಲ.' ಅರ್ಪಣೆಯ ಪುಟ ಖಾಲಿ ಬಿಟ್ಟೆ. 1968ಕ್ಕೆ ಎರಡು ಪುಟ.

ನೀನಿದ್ದ ಒಂಬತ್ತು ದಿನ ನಾವು ಹೆಚ್ಚು ಮಾತಾಡಲಿಲ್ಲ. ಪಾತ್ರೆ ತೊಳೆದೆವು, ಸೌದೆ ಒಟ್ಟಿದೆವು. ಪಂದ್ಯದ ದಿನ "ನೀನು ಹೋಗು, ಅಪ್ಪನ ಹತ್ರ ನಾನಿರ್ತೀನಿ" ಅಂದೆಯಲ್ಲ, ಎಲ್ಲ ಮುಗಿಸಿ ಓಡಿಬಂದಾಗ ಬಾಗಿಲಲ್ಲೇ ನಿಂತುಬಿಟ್ಟೆ. ಅಪ್ಪನ ಎಡಗೈ ನಿನ್ನ ಎರಡೂ ಕೈಯೊಳಗಿತ್ತು. ಅಪ್ಪನ ಕೆನ್ನೆ ಒದ್ದೆಯಾಗಿತ್ತು. ನಿನ್ನದೂ. ಏನು ಎಂದು ನಾನು ಕೇಳಲಿಲ್ಲ, ಕೇಳಬೇಕಾಗಿರಲಿಲ್ಲ. ಕೊನೆಗೂ ಅಪ್ಪ ನಿನ್ನ ಹತ್ತಿರ ಹೇಳಿದರು. ನನಗೆ ಅಷ್ಟು ಸಾಕು. ನಾನು ಆ ದಿನ ಸಭೆಯಲ್ಲಿ ಓದಿದ್ದಕ್ಕೆ ಇದೊಂದು ಒಳ್ಳೆಯದಾಯಿತಲ್ಲ ಎಂದು ದಿನಾ ಹೇಳಿಕೊಳ್ಳುತ್ತೇನೆ. ಅದರ ಮೇಲೆಯೇ ನಿದ್ದೆ ಬರುತ್ತದೆ.

ಬುರ್ಗಿ


ಚಿಯಾನ್
5 ಮಾರ್ಚ್ 1995

ಬುರ್ಗಿ,

ಇದು ಮೂರನೆಯ ಕಾಗದ. ಮೊದಲಿನ ಎರಡರಲ್ಲಿ 'ಹೌದು, ಹೇಳಿದರು' ಎಂದು ಬರೆದಿದ್ದೆ. ಎರಡನ್ನೂ ಹರಿದೆ. ನಿನಗೆ ಮಾತು ಕೊಟ್ಟಿದ್ದೇನೆ.

ಬೆಳಗ್ಗೆ ಹನ್ನೊಂದರ ಹೊತ್ತು. ಕಿಟಕಿಯಿಂದ ಜನರ ಕೂಗು ಕೇಳಿಸುತ್ತಿತ್ತು. ಒಬ್ಬೊಬ್ಬ ಇಳಿದಾಗಲೂ ಅಪ್ಪ ತಲೆ ಎತ್ತಿ ಆಲಿಸುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಬಂದ್ಯಾ ಕಾಸಿಯಾನ್" ಅಂದರು.

"ನಾನು ವಿಗಿಲ್, ಅಪ್ಪ."

ಕೇಳಿಸಿತೋ ಇಲ್ಲವೋ. ಎಡಗೈ ಚಾಚಿದರು. "ತಪ್ಪಾಯ್ತು ಕಣಪ್ಪ. ಹುಲ್ಲು ತೆಗೆಸಿದ್ದು ನಾನು."

ಬಾಯಿ ಒಂದು ಕಡೆ ಎಳೆದಿತ್ತು, ಮಾತು ತೊದಲುತ್ತಿತ್ತು, ಆದರೂ ಒಂದೊಂದು ಅಕ್ಷರವೂ ಸ್ಪಷ್ಟ. ನನ್ನ ಹೆಸರು ಮತ್ತೆ ಹೇಳಬೇಕೆಂದಿದ್ದೆ. ಹೇಳದೆ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಆಯ್ತು ಬಿಡಿ ಮಾವ" ಅಂದೆ.

"ತುಂಬಾ ನೋವಾಯ್ತಾ?"

"ಇಲ್ಲ ಮಾವ. ಗೊತ್ತೇ ಆಗ್ಲಿಲ್ಲ."

ಅಳತೊಡಗಿದರು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತಾದ ಮೇಲೆ, "ವಿಗಿಲ್‌ಗೂ ಹೇಳ್ಬೇಕು" ಅಂದರು.

"ಹೇಳಿ. ಇಲ್ಲೇ ಇದಾನೆ."

ಬಾಗಿಲ ಕಡೆ ನೋಡಿದರು. ನಾನೂ ನೋಡಿದೆ, ಯಾರೋ ಬರುತ್ತಾರೆಂಬ ಹಾಗೆ. ಆಮೇಲೆ ದಿಂಬಿಗೆ ತಲೆ ಇಟ್ಟು, "ಇಲ್ಲ ಬಿಡು, ಅವನು ಬರಲ್ಲ" ಅಂದರು. ಕೆಳಗೆ ಕೊನೆಯವನು ಗೆರೆ ದಾಟಿದನೆಂದು ಜನ ಚಪ್ಪಾಳೆ ತಟ್ಟುತ್ತಿದ್ದರು. ಕೈ ಬಿಡಲಿಲ್ಲ ಅವರು. ನಾನೂ ಬಿಡಲಿಲ್ಲ. ನೀನು ಬಂದೆ.

ಇದನ್ನು ಬರೆದು ನಿನ್ನ ನಿದ್ದೆ ಕಿತ್ತುಕೊಂಡೆನೇನೋ. ಆದರೆ ಅಪ್ಪ ಕ್ಷಮೆ ಕೇಳಿದ್ದು ಕೇಳಿದ್ದೇ, ಬುರ್ಗಿ. ಕೇಳಬೇಕೆಂದು ಅವರಿಗೆ ಅನ್ನಿಸಿದ್ದು ನೀನು ಓದಿದ್ದರಿಂದಲೇ ಇರಬಹುದು.

ಕಾಸಿಯಾನನ ಪರವಾಗಿ ನಾನು ಆಯ್ತು ಬಿಡಿ ಅಂದುಬಿಟ್ಟೆ. ಅದನ್ನು ಅನ್ನುವ ಹಕ್ಕು ನನಗಿರಲಿಲ್ಲ, ಅವನು ನಿನ್ನವನು. ತಪ್ಪಾಗಿದ್ದರೆ ಬರೆ. ನನ್ನ ಪರವಾಗಿ ಅನ್ನಬೇಕಾದದ್ದು ಹಾಗೇ ಉಳಿದಿದೆ. ಕೇಳುವವರು ಇಲ್ಲ, ಯಾರಿಗೆ ಹೇಳಲಿ ತಿಳಿಯದು.

ನಿನ್ನ ಅಣ್ಣ
ವಿಗಿಲ್